ಟರ್ಬೊ ಎಂಜಿನ್ನಿನ ಉಸಿರಿನಲ್ಲಿರುವ ಎಣ್ಣೆ

ಅಡುಗೆಮನೆಯ ಎಕ್ಸಾಸ್ಟ್ ಫ್ಯಾನನ್ನು ವರ್ಷಕ್ಕೊಮ್ಮೆ ಬಿಚ್ಚಿ ತೊಳೆಯುವವರಿಗೆ ಗೊತ್ತು, ರೆಕ್ಕೆಗೆ ಅಂಟಿದ ಜಿಡ್ಡು ಎಂಥದ್ದೆಂದು. ಫ್ಯಾನಿಗೆ ಯಾರೂ ಎಣ್ಣೆ ಸುರಿದಿರುವುದಿಲ್ಲ. ದಿನಾ ಒಗ್ಗರಣೆ ಹಾಕುವಾಗ ಬಾಣಲೆಯಿಂದ ಎದ್ದ ಹಬೆಯ ಜೊತೆ ಕಣ್ಣಿಗೆ ಕಾಣದ ಹನಿಗಳು ಹೋಗಿ ಕೂತು ಕೂತು, ಕೊನೆಗೆ ಚಾಕುವಿನಲ್ಲಿ ಕೆರೆಯುವಷ್ಟಾಗಿರುತ್ತದೆ. ಟರ್ಬೊ ಕಾರಿನಲ್ಲಿ, ಟರ್ಬೊ ಒತ್ತಿ ಕಳಿಸುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಬಿಚ್ಚಿ ವಾಲಿಸಿದಾಗ ಒಳಗಿಂದ ಜಾರಿ ಬರುವ ಕಂದು ಎಣ್ಣೆಯೂ ಹೀಗೆಯೇ ಸೇರಿಕೊಂಡದ್ದು. ಅದನ್ನು ದಾರಿಯಲ್ಲೇ ತಡೆಯುವ ಡಬ್ಬಿಗೆ ಏರ್-ಆಯಿಲ್ ಸೆಪರೇಟರ್ ಎಂದು ಹೆಸರು. ಗ್ಯಾರೇಜಿನ ಮಾತಿನಲ್ಲಿ ಎಒಎಸ್. ಅಂಗಡಿಯಲ್ಲಿ ಡಬ್ಬಿಯ ಹೊಳಪು ನೋಡಿ ದುಡ್ಡು ಕೊಡುವವರೇ ಹೆಚ್ಚು. ಆದರೆ ಈ ಕೆಲಸದಲ್ಲಿ ಮುಕ್ಕಾಲು ಪಾಲು ಗೆಲುವು ಸೋಲು ಇರುವುದು ಡಬ್ಬಿಗೆ ಬಂದು ಹೋಗುವ ಹೋಸ್ ಪೈಪುಗಳಲ್ಲಿ.

ಮೊದಲು ಎಣ್ಣೆ ಗಾಳಿಯ ದಾರಿಗೆ ಹೇಗೆ ಬರುತ್ತದೆ ನೋಡೋಣ. ಪಿಸ್ಟನ್ ರಿಂಗ್ ಎಷ್ಟೇ ಚೆನ್ನಾಗಿ ಕೂತಿದ್ದರೂ ಸಿಲಿಂಡರಿನ ಒತ್ತಡಕ್ಕೆ ಸ್ವಲ್ಪ ಅನಿಲ ಸಂದಿಯಲ್ಲಿ ನುಸುಳಿ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಇದೇ ಬ್ಲೋ-ಬೈ. ಆರೋಗ್ಯವಾಗಿರುವ ಎಂಜಿನ್ನಿನಲ್ಲಿ, ಎಳೆದುಕೊಂಡ ಗಾಳಿಯ ನೂರಕ್ಕೆ ಒಂದು ಪಾಲಿನಷ್ಟು ಹೀಗೆ ಇಳಿಯುತ್ತದೆ ಎಂದು ಅಂದಾಜು ಹಿಡಿಯುವುದು ವಾಡಿಕೆ. ಒಂದು ಪಾಲು ತಾನೇ ಎನ್ನಬೇಡಿ. 2.5 ಲೀಟರಿನ ಎಂಜಿನ್ 1 ಬಾರ್ ಬೂಸ್ಟಿನಲ್ಲಿ, ಅಂದರೆ ಟರ್ಬೊ ಕೊಡುವ ಅಷ್ಟು ಹೆಚ್ಚುವರಿ ಒತ್ತಡದಲ್ಲಿ, 6000 ಆರ್‌ಪಿಎಂ ತಿರುಗುವಾಗ ನಿಮಿಷಕ್ಕೆ ಹೆಚ್ಚುಕಡಿಮೆ 12,000 ಲೀಟರ್ ಗಾಳಿ ಕುಡಿಯುತ್ತದೆ. ಅದರಲ್ಲಿ ಒಂದು ಪಾಲೆಂದರೆ ನಿಮಿಷಕ್ಕೆ 120 ಲೀಟರ್. ಇಷ್ಟು ಅನಿಲ, ಕ್ರ್ಯಾಂಕು ಎಣ್ಣೆಯನ್ನು ಚಚ್ಚಿ ಮಂಜು ಮಾಡುತ್ತಿರುವ ಕೋಣೆಯೊಳಗೆ ನುಗ್ಗಿ, ಆ ಮಂಜನ್ನೇ ಹೊತ್ತು ಹೊರಬರಬೇಕು. ಬರಲು ದಾರಿ ಸಿಗದಿದ್ದರೆ ಎಲ್ಲಿ ಮೆದುವೋ ಅಲ್ಲಿ ಒಡೆದು ಬರುತ್ತದೆ: ಡಿಪ್‌ಸ್ಟಿಕ್ ಮೇಲೇಳುತ್ತದೆ, ಇಲ್ಲವೇ ಕ್ರ್ಯಾಂಕಿನ ಹಿಂದಿನ ಸೀಲ್ ಸೋರುತ್ತದೆ.

ಹಿಂದೆ ಇದನ್ನೆಲ್ಲ ಒಂದು ಕೊಳವೆಯಲ್ಲಿ ಕಾರಿನಡಿಗೆ, ರಸ್ತೆಗೇ ಬಿಟ್ಟುಬಿಡುತ್ತಿದ್ದರು. ಕ್ಯಾಲಿಫೋರ್ನಿಯಾದ ಹೊಗೆಮಂಜಿನ ಕಾಟದಿಂದ, 1961ರ ಮಾದರಿಯ ಕಾರುಗಳಿಂದ ಅಲ್ಲಿ ಪಿಸಿವಿ ವಾಲ್ವ್ ಬಂತು. ಕ್ರ್ಯಾಂಕ್‌ಕೇಸಿನ ಅನಿಲವನ್ನು, ಸಿಲಿಂಡರುಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡಿನ ನಿರ್ವಾತವೇ ಎಳೆದುಕೊಂಡು ಮತ್ತೆ ಸುಡುವ ಏರ್ಪಾಡು ಅದು. ಟರ್ಬೊ ಇಲ್ಲದ ಎಂಜಿನ್ನಿಗೆ ಇದು ಸಾಕು. ಟರ್ಬೊ ಇದ್ದಾಗ ಒಂದು ತೊಡಕು. ಬೂಸ್ಟ್ ಏರಿದೊಡನೆ ಮ್ಯಾನಿಫೋಲ್ಡಿನಲ್ಲಿ ನಿರ್ವಾತ ಹೋಗಿ ಒತ್ತಡ ಬರುತ್ತದೆ, ಪಿಸಿವಿ ಮುಚ್ಚಿಕೊಳ್ಳುತ್ತದೆ. ಬ್ಲೋ-ಬೈ ಅತಿ ಹೆಚ್ಚಾಗುವುದೂ ಆಗಲೇ. ಆಗ ಅದಕ್ಕೆ ಉಳಿಯುವ ದಾರಿ ಒಂದೇ, ಟರ್ಬೊದ ಮೂತಿಗೆ ಗಾಳಿ ತರುವ ಇನ್ಲೆಟ್ ಪೈಪು. ಅಲ್ಲಿಂದ ಕಂಪ್ರೆಸರ್, ಇಂಟರ್‌ಕೂಲರ್, ಥ್ರಾಟಲ್, ಮತ್ತೆ ಸಿಲಿಂಡರ್. ಇಂಟರ್‌ಕೂಲರಿನಲ್ಲಿ ತಂಪಾಗಿ ಎಣ್ಣೆ ಹನಿಗಟ್ಟಿ ಕೂರುತ್ತದೆ. ಒಂದು ದಿನ ಆಕ್ಸಿಲರೇಟರ್ ಒತ್ತಿದಾಗ ಕೂತದ್ದೆಲ್ಲ ಒಟ್ಟಿಗೆ ಎದ್ದು ಹೋಗುತ್ತದೆ. ಹಿಂದಿನ ಗಾಡಿಯವರಿಗೆ ನೀಲಿ ಹೊಗೆ ಕಾಣುತ್ತದೆ.

ಎಒಎಸ್ ಎಂದಾಗ ಹೆಚ್ಚಾಗಿ ಕೇಳಿಬರುವ ಹೆಸರುಗಳಲ್ಲಿ ಒಂದು ಸುಬಾರು. ಅಮೆರಿಕದಲ್ಲಿ 2004ರಿಂದ 2021ರ ಮಾದರಿಯವರೆಗೆ ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ ಕಾರಿನಲ್ಲಿ ಬಂದ 2.5 ಲೀಟರಿನ ಇಜೆ257 ಎಂಜಿನ್ನೇ ಈ ಬರಹದ ಮುಖ್ಯ ಉದಾಹರಣೆ. ಭಾರತದಲ್ಲಿ ಈ ಕಾರು ಮಾರಾಟಕ್ಕಿರಲಿಲ್ಲ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿರುವ ಕನ್ನಡಿಗರಿಗೆ ಪರಿಚಿತ. ಇದು ಬಾಕ್ಸರ್ ಎಂಜಿನ್, ಸಿಲಿಂಡರುಗಳು ಎಡಕ್ಕೆರಡು ಬಲಕ್ಕೆರಡು ಅಡ್ಡ ಮಲಗಿವೆ. ನೆಟ್ಟಗೆ ನಿಂತ ಎಂಜಿನ್ನಿನಲ್ಲಿ, ವಾಲ್ವುಗಳಿರುವ ಸಿಲಿಂಡರ್ ಹೆಡ್‌ಗೆ ಏರಿದ ಎಣ್ಣೆ ತನ್ನ ಭಾರಕ್ಕೆ ತಾನೇ ಕೆಳಗಿಳಿಯುತ್ತದೆ. ಇಲ್ಲಿ ಹೆಡ್ಡೂ ಕ್ರ್ಯಾಂಕೂ ಒಂದೇ ಮಟ್ಟದಲ್ಲಿವೆ. ಉದ್ದನೆಯ ತಿರುವಿನಲ್ಲಿ ವೇಗವಾಗಿ ಹೋದರೆ ಎಣ್ಣೆ ಹೊರಮಗ್ಗುಲಿನ ಹೆಡ್‌ನಲ್ಲಿ ಮಡುಗಟ್ಟಿ ನಿಂತು, ವಾಲ್ವ್ ಕವರಿನಲ್ಲಿ ಅನಿಲ ಹೊರಬರುವ ಬ್ರೀದರ್ ತೂತಿನ ಬಾಯಿಗೇ ಬರುತ್ತದೆ. ಆಗ ಹೊರಡುವುದು ಮಂಜಲ್ಲ, ನೇರ ಎಣ್ಣೆಯೇ. ರೇಸ್ ಟ್ರ್ಯಾಕಿನಲ್ಲಿ ಓಡಿಸುವವರು ಈ ಎಂಜಿನ್ನಿಗೆ ಎಒಎಸ್ ಬೇಕೇಬೇಕು ಎನ್ನುವುದು ಇದಕ್ಕೇ.

ಎಣ್ಣೆ ಸಿಲಿಂಡರಿಗೆ ಹೋದರೆ ಸುಟ್ಟುಹೋಗುತ್ತದೆ, ಅದರಿಂದೇನು? ಪೆಟ್ರೋಲಿಗೆ ಹೋಲಿಸಿದರೆ ಎಂಜಿನ್ ಆಯಿಲ್ ಬಹಳ ಸುಲಭವಾಗಿ ತಾನಾಗಿ ಹೊತ್ತಿಕೊಳ್ಳುತ್ತದೆ. ಅದು ಬೆರೆತರೆ ನೀವು ದುಡ್ಡು ಕೊಟ್ಟು ಹಾಕಿಸಿದ ಹೆಚ್ಚಿನ ಆಕ್ಟೇನಿಗೆ ಅಷ್ಟರಮಟ್ಟಿಗೆ ನೀರು ಬೆರೆಸಿದ ಹಾಗೆ. ಮಿಶ್ರಣ ಅಕಾಲದಲ್ಲಿ ತಾನಾಗಿ ಹೊತ್ತಿ ಬಡಿಯುವ ನಾಕಿಂಗ್ ಶುರುವಾಗುತ್ತದೆ, ಎಂಜಿನ್ನಿನ ಕಂಪ್ಯೂಟರಾದ ಇಸಿಯು ಅದನ್ನು ಕೇಳಿಸಿಕೊಂಡು ಇಗ್ನಿಷನ್ ಟೈಮಿಂಗ್ ಹಿಂದಕ್ಕೆಳೆಯುತ್ತದೆ, ಕಾರು ಮಂಕಾಗುತ್ತದೆ. ಇಜೆ257ರ ಎರಕದ ಪಿಸ್ಟನ್ನುಗಳು ನಾಕಿಂಗನ್ನು ತಾಳಿಕೊಳ್ಳುವುದಿಲ್ಲ. ಎರಡು ರಿಂಗುಗಳ ನಡುವಿನ ತೆಳ್ಳನೆಯ ಅಂಚು, ರಿಂಗ್‌ಲ್ಯಾಂಡ್, ಮುರಿಯುತ್ತದೆ, ಹೆಚ್ಚಾಗಿ ನಾಲ್ಕನೇ ಸಿಲಿಂಡರಿನಲ್ಲಿ. ಅಂದಮಾತ್ರಕ್ಕೆ ಎಒಎಸ್ ಹಾಕಿದರೆ ರಿಂಗ್‌ಲ್ಯಾಂಡ್ ಮುರಿಯುವುದಿಲ್ಲ ಎಂದು ಹೇಳುವವರನ್ನು ನಂಬಬೇಡಿ. ನಾಕಿಂಗಿನ ಹಲವು ಕಾರಣಗಳಲ್ಲಿ ಒಂದನ್ನು ಇದು ಕಡಿಮೆ ಮಾಡುತ್ತದೆ. ಕೆಟ್ಟ ಟ್ಯೂನಿಂಗಿಗೆ ಇದರ ಬಳಿ ಮದ್ದಿಲ್ಲ. ಕುದುರೆಶಕ್ತಿಯೂ ಇದರಿಂದ ಹೆಚ್ಚುವುದಿಲ್ಲ.

ಡಬ್ಬಿಯೊಳಗೆ ನಡೆಯುವ ಕೆಲಸ ಸರಳ. 19 ಮಿ.ಮೀ. ಒಳವ್ಯಾಸದ ಪೈಪಿನಲ್ಲಿ ನಿಮಿಷಕ್ಕೆ 120 ಲೀಟರ್ ಅನಿಲ ಹೋಗುವಾಗ ಅದರ ವೇಗ ಸೆಕೆಂಡಿಗೆ 7 ಮೀಟರ್. ಅದೇ ಅನಿಲ 75 ಮಿ.ಮೀ. ವ್ಯಾಸದ ಡಬ್ಬಿಗೆ ಬಂದಾಗ ವೇಗ ಅರ್ಧ ಮೀಟರಿಗಿಂತ ಕೆಳಗಿಳಿಯುತ್ತದೆ. ಓಡುವ ಗಾಳಿ ಹನಿಯನ್ನು ಹೊತ್ತೊಯ್ಯುತ್ತದೆ, ನಿಧಾನವಾದ ಗಾಳಿ ಕೆಳಗೆ ಬಿಡುತ್ತದೆ. ಜೊತೆಗೆ ಒಳಗೆ ಅಡ್ಡ ತಗಡುಗಳೋ ಸ್ಟೀಲಿನ ಜಾಲರಿಯೋ ಇರುತ್ತದೆ. ಅನಿಲ ತಿರುಗಿ ಹೋಗುತ್ತದೆ, ಭಾರದ ಹನಿ ತಿರುಗಲಾರದೆ ತಗಡಿಗೆ ಬಡಿದು ಅಂಟುತ್ತದೆ, ಒಂದಕ್ಕೊಂದು ಸೇರಿ ದಪ್ಪವಾಗಿ ಇಳಿಯುತ್ತದೆ. ಒಳಗೆ ಏನೂ ಇಲ್ಲದ, ಮೇಲೆ ಎರಡು ಮೂತಿಗಳನ್ನು ಅಕ್ಕಪಕ್ಕ ಕೊರೆದ ಖಾಲಿ ಡಬ್ಬಿಗಳೂ ಅಗ್ಗಕ್ಕೆ ಸಿಗುತ್ತವೆ. ಅವುಗಳಲ್ಲಿ ಅನಿಲ ಒಂದು ಮೂತಿಯಿಂದ ಬಂದು ನೇರ ಪಕ್ಕದ ಮೂತಿಗೆ ಹಾರುತ್ತದೆ. ಕೊಳ್ಳುವ ಮುಂಚೆ ಮುಚ್ಚಳ ಬಿಚ್ಚಿಸಿ ಒಳಗೆ ನೋಡಿ.

ಕ್ಯಾಚ್ ಕ್ಯಾನ್ ಮತ್ತು ಎಒಎಸ್ ಒಂದೇ ಎಂದುಕೊಳ್ಳುವವರಿದ್ದಾರೆ. ಕ್ಯಾಚ್ ಕ್ಯಾನ್ ಹಿಡಿದದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂರುತ್ತದೆ, ನಾವು ಹೋಗಿ ಖಾಲಿ ಮಾಡಬೇಕು. ಎಒಎಸ್ ಹಿಡಿದ ಎಣ್ಣೆಯನ್ನು ಎಂಜಿನ್ನಿಗೇ ವಾಪಸು ಇಳಿಸುತ್ತದೆ. ವಾಪಸು ಹೋಗುವುದು ಬರೀ ಎಣ್ಣೆಯಾಗಿರಬೇಕು ಎನ್ನುವಲ್ಲೇ ಇದರ ಕಷ್ಟವೆಲ್ಲ ಇದೆ. ಒಂದು ಕಿಲೊ ಪೆಟ್ರೋಲ್ ಉರಿದರೆ ಒಂದು ಕಿಲೊಗಿಂತ ಹೆಚ್ಚು ನೀರು ಹುಟ್ಟುತ್ತದೆ. ಬ್ಲೋ-ಬೈನಲ್ಲಿ ಆ ನೀರಾವಿಯೂ ಇದೆ, ಉರಿಯದ ಪೆಟ್ರೋಲ್ ಆವಿಯೂ ಇದೆ. ತಣ್ಣಗಿನ ಡಬ್ಬಿಯಲ್ಲಿ ಇವೆಲ್ಲ ಎಣ್ಣೆಯ ಜೊತೆ ಇಳಿದು ಕಲಸಿಕೊಂಡು, ಕಡೆದ ಮಜ್ಜಿಗೆಯ ಮೇಲೆ ತೇಲುವ ಬೆಣ್ಣೆಯಂಥ ಹಳದಿ ನೊರೆಯಾಗುತ್ತವೆ. ಅದು ಬೇರಿಂಗುಗಳಿಗೆ ಹೋಗಬೇಕಾದ ಎಣ್ಣೆಯಲ್ಲಿ ಬೆರೆಯಬಾರದು.

ಆದ್ದರಿಂದ ಎಒಎಸ್‌ನ ಗೋಡೆಯ ಸುತ್ತ ಎಂಜಿನ್ನಿನ ಬಿಸಿ ಹೀರಿಕೊಂಡು ಬರುವ ಕೂಲಂಟ್ ಹರಿಸಿ ಬಿಸಿ ಇಡುತ್ತಾರೆ. ಲೆಕ್ಕ ಹೀಗೆ: 20 ಡಿಗ್ರಿಯಲ್ಲಿ, ಅನಿಲದ ನೂರು ಪಾಲಿನಲ್ಲಿ ಎರಡು ಪಾಲಿಗಿಂತ ಸ್ವಲ್ಪ ಹೆಚ್ಚು ನೀರಾವಿ ಇದ್ದರೂ ಅದು ಹನಿಗಟ್ಟುತ್ತದೆ. 85 ಡಿಗ್ರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೀರಾವಿಯೇ ಇದ್ದರೂ ಹನಿಗಟ್ಟುವುದಿಲ್ಲ. ಹಾಗಾಗಿ ಬಿಸಿ ಡಬ್ಬಿಯಲ್ಲಿ ನೀರು ಆವಿಯಾಗಿಯೇ ಹಾದು ಟರ್ಬೊ ಕಡೆ ಹೋಗಿ ಹೊಗೆನಳಿಗೆಯಿಂದ ಹೊರಟುಹೋಗುತ್ತದೆ, ಪೆಟ್ರೋಲ್ ಆವಿಯಲ್ಲಿ ಬಹುಪಾಲು ಹಾಗೆಯೇ. ಎಣ್ಣೆ ಮಾತ್ರ ಇಳಿಯುತ್ತದೆ. ಕೂಲಂಟ್ ಲೈನ್ ಕೊಡುವುದು ತಲೆನೋವು ಎಂದು ಅದನ್ನು ಬಿಟ್ಟು, ಡ್ರೈನ್ ಮಾತ್ರ ಎಂಜಿನ್ನಿಗೆ ಕೊಟ್ಟವರು ಎಒಎಸ್ ಹಾಕಿದ್ದೂ ದಂಡ, ಎಂಜಿನ್ನಿಗೂ ಕೇಡು. ಕೂಲಂಟ್ ಕೊಡಲು ಆಗದಿದ್ದರೆ ಡ್ರೈನ್ ಮುಚ್ಚಿ ಕ್ಯಾಚ್ ಕ್ಯಾನ್ ಥರ ಬಳಸಿ, ಕೈಯಿಂದ ಖಾಲಿ ಮಾಡಿ.

ಕೆಲಸಕ್ಕೆ ಕೈ ಹಾಕುವ ಮೊದಲು ಎಂಜಿನ್ ಹೇಗಿದೆ ನೋಡಬೇಕು. ರಿಂಗ್ ಸವೆದ ಎಂಜಿನ್ನಿಗೆ ಎಒಎಸ್ ಕೂರಿಸುವುದೆಂದರೆ ಸೋರುವ ಸೂರಿನ ಕೆಳಗೆ ಒಳ್ಳೆಯ ಹಿತ್ತಾಳೆ ಕೊಳಗ ತಂದಿಟ್ಟ ಹಾಗೆ. ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಅಳೆಯಿರಿ; ಒಂದಕ್ಕೊಂದು ಹತ್ತು ಹದಿನೈದು ಶೇಕಡಾಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಲೀಕ್‌ಡೌನ್ ಪರೀಕ್ಷೆ ಇನ್ನೂ ಚೆನ್ನ: ಸಿಲಿಂಡರಿಗೆ ಗಾಳಿ ಕೊಟ್ಟಾಗ ಶೇಕಡಾ 20ಕ್ಕಿಂತ ಹೆಚ್ಚು ಸೋರಿ, ಆಯಿಲ್ ಮುಚ್ಚಳ ತೆಗೆದ ಬಾಯಲ್ಲಿ ಸುಯ್ ಎಂದು ಕೇಳಿಸಿದರೆ, ಅದು ರಿಂಗಿನ ಅಥವಾ ಪಿಸ್ಟನ್ನಿನ ದೋಷ. ಆಮೇಲೆ ಕ್ರ್ಯಾಂಕ್‌ಕೇಸಿನ ಒತ್ತಡ. ಎರಡು ಮೀಟರ್ ಪಾರದರ್ಶಕ ಟ್ಯೂಬನ್ನು ಯು ಆಕಾರದಲ್ಲಿ ಹಲಗೆಗೆ ಕಟ್ಟಿ, ಅರ್ಧ ನೀರು ತುಂಬಿ, ಒಂದು ತುದಿಯನ್ನು ಡಿಪ್‌ಸ್ಟಿಕ್ ಕೊಳವೆಗೆ ಗಾಳಿಯಾಡದಂತೆ ಹಾಕಿ. ಬಿಸಿ ಎಂಜಿನ್ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಓಡುತ್ತಿರುವಾಗ ನೀರು ಕ್ರ್ಯಾಂಕ್‌ಕೇಸಿನ ಕಡೆಗೆ ಸ್ವಲ್ಪ ಎಳೆದುಕೊಳ್ಳಬೇಕು, ಅಂದರೆ ಒಳಗೆ ಲಘು ನಿರ್ವಾತವಿರಬೇಕು. ಎರಡು ಕಡೆಯ ನೀರಿನ ಮಟ್ಟದ ನಡುವೆ 10 ಸೆಂ.ಮೀ. ಅಂತರವಿದ್ದರೆ ಅದು 10 ಮಿಲಿಬಾರ್. ಈ ಅಂಕಿಯನ್ನು ಬರೆದಿಟ್ಟುಕೊಳ್ಳಿ, ಕೆಲಸ ಮುಗಿದ ಮೇಲೆ ಮತ್ತೆ ಬೇಕಾಗುತ್ತದೆ. ಐಡಲ್‌ನಲ್ಲೇ ನೀರು ಹೊರಕ್ಕೆ ತಳ್ಳುತ್ತಿದ್ದರೆ ಎಒಎಸ್ ದುಡ್ಡನ್ನು ಎಂಜಿನ್ ಕೆಲಸಕ್ಕೆ ತೆಗೆದಿಡಿ.

ಇಂಟರ್‌ಕೂಲರಿನಲ್ಲಿ ಕಂಡ ಎಣ್ಣೆಯೆಲ್ಲ ಬ್ಲೋ-ಬೈನದೇ ಎಂದೂ ತೀರ್ಮಾನಿಸಬೇಡಿ. ಟರ್ಬೊದ ಬೇರಿಂಗಿಗೆ ಹೋದ ಎಣ್ಣೆ ಪಂಪಿನ ಒತ್ತಡವಿಲ್ಲದೆ, ಬರೀ ತನ್ನ ಭಾರದಿಂದ ಕ್ರ್ಯಾಂಕ್‌ಕೇಸಿನ ಕಡೆ ಇಳಿಯುತ್ತದೆ. ಅಲ್ಲಿ ಒತ್ತಡ ತುಂಬಿದ್ದರೆ ಇಳಿಯಲಾರದೆ ಹಿಂದಕ್ಕೆ ನಿಂತು, ಟರ್ಬೊದ ಸೀಲ್ ದಾಟಿ ಬರುತ್ತದೆ. ಸೀಲ್ ಹೋಯಿತೆಂದು ಟರ್ಬೊ ಬದಲಿಸಿ, ಒತ್ತಡದ ಮೂಲ ಹಾಗೇ ಉಳಿದು, ಹೊಸ ಟರ್ಬೊವೂ ಸೋರುವುದು ಗ್ಯಾರೇಜುಗಳಲ್ಲಿ ಅಪರೂಪವೇನಲ್ಲ.

ಇನ್ನು ಹೋಸ್. ನೋಡಲು ಎಲ್ಲ ಕಪ್ಪು ರಬ್ಬರೇ, ಆದರೆ ಜಾತಿ ಬೇರೆ. ಹೀಟರ್ ಹೋಸ್ ಎಂದು ಸಿಗುವುದು ಇಪಿಡಿಎಂ ರಬ್ಬರಿನದು. ಕೂಲಂಟಿಗೆ ಅದರಷ್ಟು ಒಳ್ಳೆಯದಿಲ್ಲ, ಎಣ್ಣೆಗೆ ಅದರಷ್ಟು ಕೆಟ್ಟದ್ದಿಲ್ಲ. ಎಣ್ಣೆ ಕುಡಿದು ಉಬ್ಬಿ, ಕೆಲವೇ ತಿಂಗಳಲ್ಲಿ ನೆನೆಸಿದ ಉದ್ದಿನ ವಡೆಯ ಹಾಗೆ ಮೆತ್ತಗಾಗುತ್ತದೆ. ಹೊರಗೆ ನೋಡಿದರೆ ಸರಿಯಾಗಿಯೇ ಇರುತ್ತದೆ, ಒಳಗೆ ಗೋಡೆ ಊದಿ ದಾರಿ ಮುಚ್ಚಿರುತ್ತದೆ. ಬಣ್ಣಬಣ್ಣದ ಸಿಲಿಕೋನ್ ಹೋಸು ಬಿಸಿಗೆ ಗಟ್ಟಿ, ಎಣ್ಣೆಗೆ ಅಲ್ಲ. ಗೋಡೆಯಿಂದಲೇ ಬೆವರಿನಂತೆ ಎಣ್ಣೆ ಜಿನುಗಿ ಹೊರಮೈಯೆಲ್ಲ ಜಿಡ್ಡಾಗುತ್ತದೆ. ಸಿಲಿಕೋನೇ ಬೇಕೆಂದರೆ ಒಳಗೆ ಫ್ಲೋರೊಸಿಲಿಕೋನ್ ಪದರವಿರುವುದನ್ನೇ ಕೇಳಿ. ಬ್ಲೋ-ಬೈ ಲೈನುಗಳಿಗೆ ನೈಟ್ರೈಲ್ ಒಳಪದರದ, ಎಸ್‌ಎಇ ಜೆ30 ಆರ್7 ಎಂದು ಮೈಮೇಲೆ ಮುದ್ರಿಸಿರುವ ಹೋಸ್ ಸಾಕು. ಟರ್ಬೊ ಮತ್ತು ಎಕ್ಸಾಸ್ಟಿನ ಹತ್ತಿರ ಹಾದುಹೋಗುವ ತುಂಡಿಗೆ ಬಿಸಿ ತಡೆಯುವ ತೋಳು ಹಾಕಿ. ಎಒಎಸ್ ಕಿಟ್‌ನಲ್ಲಿ ಕೂಲಂಟಿನದು, ಬ್ಲೋ-ಬೈನದು ಎರಡೂ ಬಗೆಯ ಹೋಸ್ ಬಂದಿರುತ್ತದೆ. ಕತ್ತರಿಸುವ ಮುಂಚೆ ಬಿಳಿ ಪೇಂಟ್ ಪೆನ್ನಿನಲ್ಲಿ ಗುರುತು ಹಾಕಿಕೊಂಡರೆ ಅದಲುಬದಲಾಗುವುದಿಲ್ಲ.

ವ್ಯಾಸದ ವಿಷಯದಲ್ಲಿ ಕೈ ಬಿಗಿ ಮಾಡಬಾರದು. 19 ಮಿ.ಮೀ. ಹೋಸಿನ ಬದಲು ಅಂಗಡಿಯಲ್ಲಿ ಸಿಕ್ಕಿದ 9.5 ಮಿ.ಮೀ. ಹೋಸನ್ನು ರೆಡ್ಯೂಸರ್ ಹಾಕಿ ಕೂರಿಸಿದರೆ ದಾರಿ ಅರ್ಧವಾಗುವುದಿಲ್ಲ, ಕಾಲಾಗುತ್ತದೆ. ಅನಿಲದ ವೇಗ ಸೆಕೆಂಡಿಗೆ 7 ಮೀಟರಿನಿಂದ 28ಕ್ಕೆ ಏರುತ್ತದೆ. ಆ ಗಾಳಿಯ ಎದುರು ಎಣ್ಣೆ ಕೆಳಗಿಳಿಯುವ ಮಾತೇ ಇಲ್ಲ. ಬಹಳಷ್ಟು ಸುಬಾರು ಕಿಟ್‌ಗಳಲ್ಲಿ, ಕ್ರ್ಯಾಂಕ್‌ಕೇಸ್ ಇರುವ ಎಂಜಿನ್ ಬ್ಲಾಕಿನಿಂದ ಅನಿಲ ಮೇಲೆ ಬರುವ ಹೋಸೇ ಎಣ್ಣೆ ಕೆಳಗಿಳಿಯುವ ಡ್ರೈನ್ ಕೂಡ. ಕಾಲು ಒತ್ತಿದಾಗ ಅನಿಲ ಮೇಲೇರುತ್ತದೆ, ಎಣ್ಣೆ ಡಬ್ಬಿಯಲ್ಲಿ ಕಾಯುತ್ತದೆ. ಕಾಲು ತೆಗೆದಾಗ ಎಣ್ಣೆ ಇಳಿಯುತ್ತದೆ. ಇದು ನಡೆಯಬೇಕಾದರೆ ಹೋಸ್ ಅಗಲವಿರಬೇಕು, ಡಬ್ಬಿಯಿಂದ ಬ್ಲಾಕಿನವರೆಗೆ ಎಲ್ಲೂ ಏರದೆ ಒಂದೇ ಸಮ ಇಳಿಜಾರಾಗಿರಬೇಕು. ನಡುವೆ ಎಲ್ಲಾದರೂ ಹೊಟ್ಟೆ ಬಿಟ್ಟು ಜೋತುಬಿದ್ದರೆ, ಮನೆಯ ಸಿಂಕಿನ ಕೆಳಗಿನ ಬಾಗಿದ ಪೈಪಿನಲ್ಲಿ ನೀರು ನಿಂತ ಹಾಗೆ ಅಲ್ಲಿ ಎಣ್ಣೆ ನಿಂತು ಬಾಗಿಲು ಹಾಕಿಬಿಡುತ್ತದೆ. ಬ್ಲಾಕಿನ ದೊಡ್ಡ ದಾರಿ ಮುಚ್ಚಿದ ಮೇಲೆ ಅನಿಲವೆಲ್ಲ ಎರಡು ಹೆಡ್‌ಗಳ ಸಣ್ಣ ದಾರಿಯಲ್ಲೇ ನುಗ್ಗುತ್ತದೆ, ಅಲ್ಲಿರುವ ಎಣ್ಣೆಯನ್ನೆಲ್ಲ ಎತ್ತಿಕೊಂಡು ಬರುತ್ತದೆ. ಎಒಎಸ್ ಹಾಕಿದ ಮೇಲೆ ಇಂಟರ್‌ಕೂಲರಿನಲ್ಲಿ ಎಣ್ಣೆ ಮೊದಲಿಗಿಂತ ಹೆಚ್ಚಾಯಿತು ಎಂದು ದೂರುವವರ ಕಾರಿನಲ್ಲಿ ಹೆಚ್ಚಾಗಿ ಕಾಣುವುದು ಈ ಜೋತುಬಿದ್ದ ಹೋಸು.

ಜೋಡಿಸುವ ಕ್ರಮಕ್ಕೆ ಬರೋಣ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಕೂಲಂಟ್ ಲೈನ್ ಬಿಚ್ಚುವ ಕೆಲಸ ಇದು. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಇಜೆ257ರಲ್ಲಿ ಇಂಟರ್‌ಕೂಲರ್ ಎಂಜಿನ್ನಿನ ನೆತ್ತಿಯ ಮೇಲೇ ಕೂತಿದೆ. ಟರ್ಬೊ ಕಡೆಯ ಮತ್ತು ಥ್ರಾಟಲ್ ಕಡೆಯ ಕ್ಲ್ಯಾಂಪ್ ಸಡಿಲಿಸಿ, ಬೈಪಾಸ್ ವಾಲ್ವಿನ ಬೋಲ್ಟ್, ಬ್ರಾಕೆಟ್ಟಿನ ಬೋಲ್ಟ್ ತೆಗೆದು ಮೇಲೆತ್ತಿ. ತೆರೆದ ಟರ್ಬೊ ಬಾಯಿಗೂ ಥ್ರಾಟಲ್ ಬಾಯಿಗೂ ಕೂಡಲೇ ಶುಭ್ರವಾದ ಬಟ್ಟೆ ತುರುಕಿ. ಒಂದು ನಟ್ ಒಳಗೆ ಬಿದ್ದರೆ ಎಒಎಸ್ ಮರೆತುಹೋಗುತ್ತದೆ. ಈಗ ಬ್ಲಾಕಿನ ಮೇಲ್ಭಾಗದಲ್ಲಿ, ಗೇರ್‌ಬಾಕ್ಸ್ ಕಡೆಗೆ, ಕ್ರ್ಯಾಂಕ್‌ಕೇಸಿನ ಉಸಿರುದಾರಿ ಕಾಣುತ್ತದೆ. ಅದಕ್ಕೆ ಟೀ ಆಕಾರದ ತುಂಡು, ಅದರಿಂದ ಒಂದು ಕವಲು ಪಿಸಿವಿ ಮೂಲಕ ಮ್ಯಾನಿಫೋಲ್ಡಿಗೆ, ಇನ್ನೊಂದು ಟರ್ಬೊ ಇನ್ಲೆಟ್ಟಿಗೆ. ಎರಡೂ ವಾಲ್ವ್ ಕವರುಗಳ ಬ್ರೀದರ್ ಹೋಸುಗಳೂ ಕಡೆಗೆ ಸೇರುವುದು ಇನ್ಲೆಟ್ಟಿಗೇ. ಬಿಚ್ಚುವ ಮುಂಚೆ ಒಂದೊಂದರ ಫೋಟೊ ತೆಗೆದುಕೊಳ್ಳಿ.

ಹಳೆಯ ಹೋಸನ್ನು ಎಳೆದು ಕೀಳಬೇಡಿ. ಹತ್ತು ವರ್ಷ ಟರ್ಬೊದ ಬಿಸಿ ತಿಂದ ಪ್ಲಾಸ್ಟಿಕ್ ಮೂತಿಗಳು ಹಪ್ಪಳದ ಹಾಗೆ ಮುರಿಯುತ್ತವೆ, ಅದರಲ್ಲೂ ಇನ್ಲೆಟ್ ಪೈಪಿನ ಮೂತಿ. ಅದು ಮುರಿದರೆ ಹೊಸದು ಹಾಕಲು ಮ್ಯಾನಿಫೋಲ್ಡನ್ನೇ ಎತ್ತಬೇಕಾದೀತು. ಹೋಸನ್ನು ಉದ್ದಕ್ಕೆ ಬ್ಲೇಡಿನಲ್ಲಿ ಸೀಳಿ, ಬಾಳೆಹಣ್ಣಿನ ಸಿಪ್ಪೆಯಂತೆ ಬಿಡಿಸಿ ತೆಗೆಯಿರಿ. ಹೇಗಿದ್ದರೂ ಅದು ಮತ್ತೆ ಹಾಕುವುದಲ್ಲ. ಸೀಳುವಾಗ ಬ್ಲೇಡ್ ಮೂತಿಗೆ ಗೀರಬಾರದು, ಆ ಗೀರಿನಲ್ಲೇ ಆಮೇಲೆ ಗಾಳಿ ಸೋರುತ್ತದೆ. ಕೆಲವು ವರ್ಷದ ಮಾದರಿಗಳಲ್ಲಿ ಪಿಸಿವಿ ಹೋಸಿನ ಮೇಲೆ ವೈರಿನ ಕನೆಕ್ಟರ್ ಒಂದಿರುತ್ತದೆ. ಅದನ್ನು ಬಿಚ್ಚಿಟ್ಟರೆ ಎಂಜಿನ್ ದೀಪ ಹತ್ತುತ್ತದೆ. ಎರಡು ತುದಿಗಳನ್ನು ಕೂಡಿಸಿಯೇ ಪಕ್ಕಕ್ಕೆ ಕಟ್ಟಿ.

ಡಬ್ಬಿಯನ್ನು ಬ್ರಾಕೆಟ್ಟಿಗೆ ಕೂರಿಸಿ. ಬ್ಲಾಕಿನ ಮೂತಿಗಿಂತ ಎತ್ತರದಲ್ಲಿ, ಬಾನೆಟ್ ಮುಚ್ಚಿದಾಗ ತಗುಲದಷ್ಟು ಕೆಳಗೆ. ಬಾನೆಟ್ಟಿನ ಒಳಮೈಗೆ ಎಷ್ಟು ಜಾಗವಿದೆ ಎಂದು ತಿಳಿಯಲು ಡಬ್ಬಿಯ ಮೇಲೆ ಕಲಸಿದ ಚಪಾತಿ ಹಿಟ್ಟಿನ ಉಂಡೆ ಇಟ್ಟು, ಬಾನೆಟ್ ನಿಧಾನ ಮುಚ್ಚಿ ತೆರೆಯಿರಿ. ಹಿಟ್ಟು ಎಷ್ಟು ದಪ್ಪ ಉಳಿಯಿತೋ ಅಷ್ಟೇ ಜಾಗ. ಎಂಜಿನ್ ಅಲುಗಾಡುವುದರಿಂದ 10 ಮಿ.ಮೀ. ಆದರೂ ಬೇಕು. ಆಮೇಲೆ ಬ್ಲಾಕಿನ ಹೋಸ್ ಮೊದಲು, ಹೆಡ್‌ನವು ನಂತರ, ಇನ್ಲೆಟ್ ಕಡೆಯದು ಕೊನೆಗೆ. ಹೋಸ್ ಮೂತಿಗೆ ಏರದಿದ್ದರೆ ಒಂದು ತೊಟ್ಟು ಎಂಜಿನ್ ಆಯಿಲ್ ಸವರಿ, ಕೂಲಂಟ್ ಹೋಸಿಗೆ ಮಾತ್ರ ಕೂಲಂಟನ್ನೇ ಸವರಿ. ಡಬ್ಬಿಯ ಫಿಟಿಂಗುಗಳು ಓ-ರಿಂಗಿನವಾದರೆ ಟೆಫ್ಲಾನ್ ಟೇಪ್ ಸುತ್ತಬಾರದು. ಅಲ್ಲಿ ಸೀಲ್ ಮಾಡುವುದು ಓ-ರಿಂಗ್, ಸ್ಕ್ರೂವಿನ ಮರೆ (ಥ್ರೆಡ್) ಅಲ್ಲ. ಟೇಪಿನ ಎಳೆ ಕಿತ್ತು ಹೋಗಿ ಡ್ರೈನ್ ಕಟ್ಟಿಸುತ್ತದೆ. ಅಲ್ಯೂಮಿನಿಯಂ ಮರೆಯನ್ನು ಮೊದಲು ಮೂರು ಸುತ್ತು ಬೆರಳಿನಲ್ಲೇ ತಿರುಗಿಸಿ, ಆಮೇಲೆ ಸ್ಪ್ಯಾನರ್.

ಮ್ಯಾನಿಫೋಲ್ಡಿನಲ್ಲಿ ಪಿಸಿವಿ ಇದ್ದ ಜಾಗವನ್ನು ಬಹುತೇಕ ಸುಬಾರು ಕಿಟ್‌ಗಳು ಮುಚ್ಚಿಸುತ್ತವೆ. ಅಲ್ಲಿ ಲೋಹದ ಪ್ಲಗ್ಗೇ ಆಗಬೇಕು. ರಬ್ಬರಿನ ಟೋಪಿಗೆ ಕ್ಲಿಪ್ ಹಾಕಿ ಬಿಟ್ಟರೆ ಐಡಲ್‌ನಲ್ಲಿ ಒಳಕ್ಕೆ ಹೀರುತ್ತದೆ, ಬೂಸ್ಟಿನಲ್ಲಿ ಹೊರಕ್ಕೆ ಉಬ್ಬುತ್ತದೆ, ಈ ಎಳೆದಾಟದಲ್ಲಿ ಆರು ತಿಂಗಳಲ್ಲಿ ಸೀಳುತ್ತದೆ. ಪಿಸಿವಿ ಮುಚ್ಚಿದ್ದಕ್ಕೆ ಒಂದು ಬೆಲೆಯೂ ಇದೆ, ಮಾರುವವರು ಇದನ್ನು ಹೇಳುವುದು ಕಡಿಮೆ. ಮೊದಲು ಐಡಲ್‌ನಲ್ಲಿ ಮ್ಯಾನಿಫೋಲ್ಡು ಕ್ರ್ಯಾಂಕ್‌ಕೇಸನ್ನು ಜೋರಾಗಿ ಎಳೆದು, ಹೊಸ ಗಾಳಿ ಹಾಯಿಸಿ, ನೀರಾವಿ ಪೆಟ್ರೋಲ್ ಆವಿಗಳನ್ನು ಗುಡಿಸುತ್ತಿತ್ತು. ಈಗ ಇನ್ಲೆಟ್ಟಿನ ಸಣ್ಣ ಎಳೆತವಷ್ಟೇ ಉಳಿಯಿತು. ದಿನವೂ ಎರಡು ಮೂರು ಕಿಲೊಮೀಟರ್ ಮಾತ್ರ ಓಡುವ ಕಾರಾದರೆ ಆಯಿಲನ್ನು ಮೊದಲಿಗಿಂತ ಬೇಗ ಬದಲಿಸಬೇಕಾಗುತ್ತದೆ. ಅಂಥ ಕಾರಿಗೆ, ನಮ್ಮನ್ನು ಕೇಳಿದರೆ, ಎಒಎಸ್ ಬೇಕಾಗಿಯೇ ಇಲ್ಲ.

ಕೂಲಂಟಿಗೆ ಥ್ರಾಟಲ್ ಬಾಡಿಯನ್ನು ಬಿಸಿ ಮಾಡುವ ಸಣ್ಣ ಹೋಸಿನ ದಾರಿಯಲ್ಲೇ ಡಬ್ಬಿಯನ್ನು ಸೇರಿಸುವುದು ಅನುಕೂಲ. ಕೂಲಂಟ್ ಕೆಳಗಿನ ಮೂತಿಯಿಂದ ಒಳಬಂದು ಮೇಲಿನದರಿಂದ ಹೋಗಲಿ. ತಿರುಗುಮುರುಗಾದರೆ ಮೇಲೆ ಗಾಳಿ ಸಿಕ್ಕಿಕೊಂಡು ಡಬ್ಬಿ ಅರ್ಧ ತಣ್ಣಗೇ ಉಳಿಯುತ್ತದೆ. ಹೋದಷ್ಟೇ ಕೂಲಂಟನ್ನು, ಅದೇ ಬಗೆಯದನ್ನು ತುಂಬಿ. ಕಾರಿನ ಮೂತಿ ಎತ್ತರಿಸಿ ನಿಲ್ಲಿಸಿ, ಟರ್ಬೊ ಪಕ್ಕದ ಮೇಲಿನ ಟ್ಯಾಂಕಿನಿಂದ ನಿಧಾನ ಸುರಿಯಿರಿ, ಮೇಲಿನ ರೇಡಿಯೇಟರ್ ಹೋಸನ್ನು ಹಿಂಡುತ್ತಾ ಗುಳ್ಳೆ ಬರುವುದು ನಿಲ್ಲುವವರೆಗೆ. ಹೀಟರ್ ಪೂರ್ತಿ ಬಿಸಿಗಿಟ್ಟು ಎಂಜಿನ್ ಓಡಿಸಿ. ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಸದ್ದು ಕೇಳಿದರೆ ಗಾಳಿ ಇನ್ನೂ ಇದೆ. ಬಾಕ್ಸರ್ ಎಂಜಿನ್ನಿಗೆ ಗಾಳಿಯ ಗುಳ್ಳೆ ಉಳಿಸಿ ಓಡಿಸುವುದೆಂದರೆ ಹೆಡ್ ಗ್ಯಾಸ್ಕೆಟ್ಟಿನ ಖರ್ಚಿಗೆ ಮುಂಗಡ ಕೊಟ್ಟ ಹಾಗೆ.

ಎಲ್ಲ ಬಿಗಿದ ಮೇಲೆ ಸೋರಿಕೆ ಪರೀಕ್ಷೆ. ಇಲ್ಲಿ ಹಲವರು ಎಡವುತ್ತಾರೆ. ಇನ್ಲೆಟ್ಟಿಗೆ ಗಾಳಿ ಕೊಟ್ಟು ಬೂಸ್ಟ್ ಸೋರಿಕೆ ಹುಡುಕುವಾಗ, ಆ ಗಾಳಿ ಎಒಎಸ್ ಮೂಲಕ ನೇರ ಕ್ರ್ಯಾಂಕ್‌ಕೇಸಿಗೂ ಹೋಗುತ್ತದೆ. 15 ಪಿಎಸ್‌ಐ, ಅಂದರೆ ಸುಮಾರು 1 ಬಾರ್ ಒತ್ತಡ ಕೊಟ್ಟರೆ ಕ್ರ್ಯಾಂಕಿನ ಸೀಲ್ ಜಾಗ ಬಿಟ್ಟು ಬರುತ್ತದೆ. ಬೂಸ್ಟ್ ಪರೀಕ್ಷೆಗೆ ಇನ್ಲೆಟ್ಟಿನ ಬ್ರೀದರ್ ಮೂತಿಯನ್ನು ಮುಚ್ಚಿಕೊಳ್ಳಿ. ಎಒಎಸ್ ಹೋಸುಗಳನ್ನು ಬೇರೆಯಾಗಿ, ಹೊಗೆ ಯಂತ್ರದಲ್ಲಿ, 1 ಪಿಎಸ್‌ಐ ಒಳಗೇ ನೋಡಿ. ಗಾಳಿ ಅಳೆಯುವ ಮಾಫ್ ಸೆನ್ಸರ್ ಇನ್ಲೆಟ್ಟಿಗಿಂತ ಮುಂಚೆ ಇರುವುದರಿಂದ, ಅದರ ಆಚೆಯ ಈ ಹೋಸುಗಳಲ್ಲಿ ಎಲ್ಲಿ ಸೋರಿದರೂ ಲೆಕ್ಕಕ್ಕೆ ಸಿಗದ ಗಾಳಿ ಎಂಜಿನ್ನಿಗೆ ಹೋಗುತ್ತದೆ. ಮಿಶ್ರಣ ತೆಳುವಾಗಿ ಐಡಲ್ ತಡವರಿಸುತ್ತದೆ. ಡಬ್ಬಿಯ ಹೊರದಾರಿಯನ್ನು ಇನ್ಲೆಟ್ಟಿಗೆ ಕೊಡದೆ ಸಣ್ಣ ಫಿಲ್ಟರ್ ಹಾಕಿ ಗಾಳಿಗೆ ಬಿಡುವವರಿದ್ದಾರೆ. ರೇಸ್ ಕಾರಿಗೆ ಸರಿ. ರಸ್ತೆಯ ಕಾರಿನಲ್ಲಿ ಎಸಿ ಮೂಲಕ ಹಸಿ ಪೆಟ್ರೋಲ್ ವಾಸನೆ ಒಳಗೆ ಬರುತ್ತದೆ, ಕಾನೂನಿಗೂ ವಿರುದ್ಧ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಬಿಡಿಭಾಗಕ್ಕೆ ಅಲ್ಲಿನ ಏರ್ ರಿಸೋರ್ಸಸ್ ಬೋರ್ಡಿನ ಅನುಮತಿ ಸಂಖ್ಯೆ ಬೇಕು. ಭಾರತದಲ್ಲೂ ಕ್ರ್ಯಾಂಕ್‌ಕೇಸಿನ ಅನಿಲವನ್ನು ಹೊರಗೆ ಬಿಡುವಂತಿಲ್ಲ, ಕಾರಿನ ಮೂಲ ವಿನ್ಯಾಸ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ವಾರಂಟಿ ಇರುವ ಕಾರಾದರೆ ಡೀಲರ್ ತಕರಾರು ತೆಗೆಯಲು ಇಷ್ಟೇ ಸಾಕು.

ಊರಿನ ಓದುಗರು ಕೇಳುವುದು ಬೇರೆ: ನಮ್ಮ ಫೋಕ್ಸ್‌ವ್ಯಾಗನ್ ಟಿಎಸ್‌ಐಗೆ, ಸುಜುಕಿ ಬೂಸ್ಟರ್‌ಜೆಟ್‌ಗೆ ಬೇಕೇ? ಇವು ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಎಂಜಿನ್ನುಗಳು. ಇಂಟೇಕ್ ವಾಲ್ವಿನ ಬೆನ್ನನ್ನು ತೊಳೆಯಲು ಪೆಟ್ರೋಲ್ ಅಲ್ಲಿಗೆ ಬರುವುದೇ ಇಲ್ಲ, ಎಣ್ಣೆಯ ಮಂಜು ಬಂದು ಸುಟ್ಟು ಕರಿಯಾಗಿ ಗಟ್ಟಿಯಾಗುತ್ತದೆ. ಆದ್ದರಿಂದ ಎಣ್ಣೆ ತಡೆಯುವ ವಾದಕ್ಕೆ ಇಲ್ಲಿ ಬಲ ಹೆಚ್ಚು. ಆದರೆ ಇಂದಿನ ಎಂಜಿನ್ನುಗಳಲ್ಲಿ ಕಂಪನಿಯೇ ಸೆಪರೇಟರ್ ಕೂರಿಸಿರುತ್ತದೆ. ಫೋಕ್ಸ್‌ವ್ಯಾಗನ್ ಬಳಗದ 1.8 ಟಿಎಸ್‌ಐನಲ್ಲಿ ಅದರೊಳಗಿನ ತೆಳು ರಬ್ಬರ್ ಪರದೆ ಹರಿಯುವುದೇ ಮಾಮೂಲಿ ದೋಷ. ಎಂಜಿನ್ ಓಡುವಾಗ ಸಿಳ್ಳೆ ಸದ್ದು, ಐಡಲ್ ಏರಿಳಿತ, ಆಯಿಲ್ ಮುಚ್ಚಳ ಎತ್ತಲು ಹೋದರೆ ಒಳಗಿನ ಎಳೆತಕ್ಕೆ ಅಂಟಿಕೊಂಡಿರುವುದು, ಮಿಶ್ರಣ ತೆಳುವೆಂದು ಹೇಳುವ ಪಿ0171 ದೋಷದ ಕೋಡ್: ಇಷ್ಟು ಕಂಡರೆ ಅಸಲಿ ಪಿಸಿವಿ ಘಟಕ ಬದಲಿಸಿ. ಹೊರಗಿನ ಡಬ್ಬಿಯ ಯೋಚನೆ ಆಮೇಲೆ. ಆಯಿಲನ್ನೂ ನೋಡಿಕೊಳ್ಳಿ. ಕಡಿಮೆ ಆರ್‌ಪಿಎಂನಲ್ಲಿ ಟರ್ಬೊ ಎಂಜಿನ್ನಿನ ಮೇಲೆ ಭಾರ ಬಿದ್ದಾಗ ಎಣ್ಣೆಯ ಹನಿಯೇ ಕಿಡಿಗಿಂತ ಮೊದಲು ಹೊತ್ತಿಸಿಬಿಡುವ ಪಿಡುಗೊಂದಿದೆ. 2018ರ ಎಪಿಐ ಎಸ್‌ಎನ್ ಪ್ಲಸ್, 2020ರ ಎಸ್‌ಪಿ ದರ್ಜೆಗಳು ಬಂದದ್ದು ಅದನ್ನು ತಡೆಯಲಿಕ್ಕೆ. ಡಬ್ಬದ ಮೇಲೆ ಎಸ್‌ಪಿ ಎಂದಿರುವ ಆಯಿಲಿಗೆ ಕೊಡುವ ಹೆಚ್ಚಿನ ದುಡ್ಡು ಅಲ್ಯೂಮಿನಿಯಂ ಡಬ್ಬಿಗಿಂತ ಮೊದಲು ಖರ್ಚಾಗಬೇಕಾದದ್ದು.

ಅಷ್ಟಾದ ಮೇಲೂ ಕ್ಯಾಚ್ ಕ್ಯಾನ್ ಹಾಕುವುದಾದರೆ ಮೊದಲ ಸಲ 500 ಕಿ.ಮೀ.ಗೇ ತೆರೆದು ನೋಡಿ, ಆಮೇಲೆ ಬಂದ ಪ್ರಮಾಣ ನೋಡಿಕೊಂಡು 1500 ಕಿ.ಮೀ.ಗೋ 2000ಕ್ಕೋ. ಬಂದದ್ದನ್ನು ಔಷಧಿಯ ಅಳತೆ ಲೋಟದಲ್ಲಿ ಸುರಿದು ಮಿಲಿಲೀಟರ್ ಬರೆದಿಡಿ. ಮಡಿಕೇರಿಯ ಮಳೆಗಾಲದಲ್ಲಿ ಅಥವಾ ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಹಳದಿ ನೊರೆ ಬಂದರೆ ಗಾಬರಿ ಬೇಡ, ಅದು ಹನಿಗಟ್ಟಿದ ನೀರು. ಒಮ್ಮೆ ಡಿಪ್‌ಸ್ಟಿಕ್ ಎಳೆದು ಅಲ್ಲಿಯ ಆಯಿಲ್ ತಿಳಿಯಾಗಿದೆಯೇ ನೋಡಿದರೆ ಸಾಕು. ಟೊರೊಂಟೊದ ಜನವರಿಯಲ್ಲಿ ಅದೇ ನೀರು ಹೋಸಿನಲ್ಲಿ ಹೆಪ್ಪುಗಟ್ಟಿ ಉಸಿರುಕಟ್ಟಿಸಿ ಹಿಂದಿನ ಸೀಲನ್ನು ತಳ್ಳುತ್ತದೆ, ಅಲ್ಲಿ ಬಿಸಿಯಿಲ್ಲದ ಡಬ್ಬಿಯನ್ನು ಚಳಿಗಾಲಕ್ಕೆ ಬಿಚ್ಚಿಡುವುದೇ ಮೇಲು. ಎಒಎಸ್ ಹಾಕಿದವರಿಗೆ ಅಳೆಯಲು ಲೋಟದಲ್ಲಿ ಏನೂ ಬರುವುದಿಲ್ಲ. ಅವರು 500 ಕಿ.ಮೀ. ಆದ ಮೇಲೆ ಇನ್ಲೆಟ್ ಕಡೆಯ ಹೋಸೊಂದನ್ನು ಬಿಚ್ಚಿ ಒಳಗೆ ಬಿಳಿ ಬಟ್ಟೆ ಹಾಕಿ ಒರೆಸಬೇಕು, ಡಿಪ್‌ಸ್ಟಿಕ್ಕಿಗೆ ಅದೇ ಯು ಟ್ಯೂಬ್ ಕಟ್ಟಿ ನೀರಿನ ಮಟ್ಟವನ್ನು ಹಳೆಯ ಅಂಕಿಯ ಪಕ್ಕದಲ್ಲಿ ಬರೆಯಬೇಕು. ಪಿಸಿವಿ ಮುಚ್ಚಿದ್ದರಿಂದ ಐಡಲ್‌ನ ಎಳೆತ ಮೊದಲಿಗಿಂತ ಕಡಿಮೆ ಕಾಣುವುದು ಸಹಜ. ನೀರು ಹೊರಕ್ಕೆ ತಳ್ಳುತ್ತಿದ್ದರೆ ಮಾತ್ರ, ಟಾರ್ಚ್ ಹಿಡಿದು ಬ್ಲಾಕಿನ ಹೋಸ್ ಎಲ್ಲಿ ಜೋತುಬಿದ್ದಿದೆ ಹುಡುಕಿ.